ಹಸಿ ಕಸದಿಂದ ಒಲೆಯ ಉರಿ: ಕಟ್ಟಡದ ಹಿಂದಿನ ಮೂಲೆಯಲ್ಲಿ ಒಂದು ಗ್ಯಾಸ್ ಟ್ಯಾಂಕ್

ನಮ್ಮ ವಸತಿ ಕಟ್ಟಡದ ಹಸಿ ಕಸ ಲಾರಿ ಹತ್ತಬಾರದು, ಗಾಳಿ ತಾಗದೆ ಕೊಳೆತು ಇಲ್ಲೇ ಉರಿಯುವ ಗ್ಯಾಸ್ (ಬಯೋಗ್ಯಾಸ್) ಆಗಬೇಕು ಅಂತ ನಾವು ಕೆಲವರು ಸೇರಿ ಒಂದು ಸಣ್ಣ ಟ್ಯಾಂಕ್ ಕಟ್ಟಿದೆವು. ಈಗ ಅದರಿಂದ ದಿನಾ ಒಲೆ ಉರಿಯುತ್ತಿದೆ. ಹೇಗೆ ಕಟ್ಟಿದೆವು, ಎಲ್ಲಿ ತೊಂದರೆ ಬಂತು, ಏನು ಮಾಡಿ ಸರಿಪಡಿಸಿದೆವು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬೇರೆ ಯಾರಾದರೂ ಮಾಡಲು ಹೊರಟರೆ ಉಪಯೋಗಕ್ಕೆ ಬರಲಿ.

ಮೊದಲು ಒಣಗಿಸಿ ತೂಗಿದೆವು

ಕಸದಿಂದ ವಿದ್ಯುತ್ ಅಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಕಸ ಸುಡುವ ದೊಡ್ಡ ಸ್ಥಾವರ. ನಮ್ಮಲ್ಲೂ ಮೊದಲ ಮಾತು ಅದೇ ಬಂತು. "ಸುಟ್ಟರೆ ಮುಗಿಯಿತಲ್ವಾ, ಇಷ್ಟೆಲ್ಲ ಯಾಕೆ?" ಅಂತ. ಹಾಗಾಗಿ ಟ್ಯಾಂಕ್ ತರುವ ಮೊದಲೇ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಅಡುಗೆಮನೆ ಕಸ 1 ಕೆಜಿ ತೂಗಿ, ಅಗಲ ತಟ್ಟೆಯಲ್ಲಿ ಹರಡಿ, ಪೂರ್ತಿ ಒಣಗಿಸಿ ಮತ್ತೆ ತೂಗಿದೆವು. ಉಳಿದದ್ದು 220 ಗ್ರಾಂ. ಮಿಕ್ಕಿದ್ದೆಲ್ಲ ನೀರು.

ಈಗ ಲೆಕ್ಕ ಹಾಕಿ. ಒಣಗಿದ 220 ಗ್ರಾಂ ಸುಟ್ಟರೆ ಸುಮಾರು 4 ಮೆಗಾಜೂಲ್ ಶಾಖ ಬರುತ್ತದೆ. ಆದರೆ ಜೊತೆಗಿರುವ 780 ಗ್ರಾಂ ನೀರನ್ನು ಆವಿ ಮಾಡಲು ಅದರಲ್ಲಿ ಸುಮಾರು 1.9 ಮೆಗಾಜೂಲ್ ಹೋಗುತ್ತದೆ. ಕೈಗೆ ಉಳಿಯುವುದು 2ರ ಆಸುಪಾಸು. ಕಸ ಸುಡುವ ಸ್ಥಾವರ ಬೇರೆ ಇಂಧನದ ಸಹಾಯವಿಲ್ಲದೆ ನಡೆಯಬೇಕಾದರೆ ಕಸದ ಶಾಖ ವರ್ಷದ ಸರಾಸರಿಯಲ್ಲಿ ಕೆಜಿಗೆ 7 ಮೆಗಾಜೂಲ್ ಆದರೂ ಇರಬೇಕು, ಯಾವ ಋತುವಿನಲ್ಲೂ 6ಕ್ಕಿಂತ ಕೆಳಗೆ ಇಳಿಯಬಾರದು. ಇದು ವಿಶ್ವಬ್ಯಾಂಕ್ 1999ರಲ್ಲಿ ಕೊಟ್ಟ ಮಾರ್ಗಸೂಚಿ. ಕಾಗದ, ಬಟ್ಟೆ, ಪ್ಲಾಸ್ಟಿಕ್ ಇರುವ ಒಣ ಕಸ ಇದನ್ನು ಸುಲಭವಾಗಿ ದಾಟುತ್ತದೆ. ಅದಕ್ಕೆ ಹಸಿ ಕಸ ಬೆರೆಸಿದರೆ ಎರಡೂ ಹಾಳು.

ಇದು ಬರೀ ಕಾಗದದ ಮೇಲಿನ ಲೆಕ್ಕ ಅಲ್ಲ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕ್ ನೆರವಿನಿಂದ ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವಾಟ್ ವಿದ್ಯುತ್ ತೆಗೆಯುವ ಸ್ಥಾವರ ಕಟ್ಟಿದ್ದರು. ಬಂದ ಕಸದಲ್ಲಿ ಉರಿಯುವಷ್ಟು ಕಸುವೇ ಇರಲಿಲ್ಲ. ಸ್ವಲ್ಪ ಕಾಲದಲ್ಲೇ ಅದು ನಿಂತುಹೋಯಿತು. ಯಂತ್ರ ಒಳ್ಳೆಯದೇ ಇತ್ತು. ಒಳಗೆ ಹೋದ ಕಸ ಅದಕ್ಕೆ ಹೊಂದುವಂಥದ್ದಾಗಿರಲಿಲ್ಲ.

ಬೇಗ ಬೆಳೆಯುವ ನಗರಗಳಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ವಿಶ್ವಬ್ಯಾಂಕಿನ 2018ರ ವರದಿಯ ಪ್ರಕಾರ ಜಗತ್ತಿನ ನಗರ ಕಸದಲ್ಲಿ ಶೇ 44ರಷ್ಟು ಆಹಾರ ಮತ್ತು ಗಿಡಮರದ ಕಸ. ಆದಾಯ ಕಡಿಮೆ ಇರುವ ದೇಶಗಳಲ್ಲಿ ಈ ಪಾಲು ಅರ್ಧಕ್ಕಿಂತಲೂ ಹೆಚ್ಚು. ಇಷ್ಟು ಒದ್ದೆ ಕಸವನ್ನು ಬೆಂಕಿಗೆ ಹಾಕುವ ಬದಲು ಅದನ್ನು ತಿನ್ನುವ ಜೀವಾಣುಗಳಿಗೆ ಕೊಡುವುದೇ ಸರಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅವಕ್ಕೆ ನೀರು ಬೇಕೇ ಬೇಕು.

ಟ್ಯಾಂಕ್ ಮತ್ತು ತೇಲುವ ಡ್ರಮ್

ನಾವು ಆರಿಸಿಕೊಂಡದ್ದು ಹಳೆಯ, ಸರಳ ವಿನ್ಯಾಸ. 1,000 ಲೀಟರಿನ ಪ್ಲಾಸ್ಟಿಕ್ ನೀರಿನ ಟ್ಯಾಂಕಿನ ಮೇಲ್ಭಾಗ ಕತ್ತರಿಸಿ ತೆಗೆದು, ಅದರೊಳಗೆ 750 ಲೀಟರಿನ ಇನ್ನೊಂದು ಟ್ಯಾಂಕನ್ನು ಬೋರಲು ಹಾಕುವುದು. ಕೆಳಗಿನ ಟ್ಯಾಂಕಿನಲ್ಲಿ ಕಸದ ರಾಡಿ. ಮೇಲಿನ ಡ್ರಮ್ಮಿನಲ್ಲಿ ಗ್ಯಾಸ್. ಗ್ಯಾಸ್ ತುಂಬಿದಂತೆ ಡ್ರಮ್ ಮೇಲೇಳುತ್ತದೆ, ಬಳಸಿದಂತೆ ಇಳಿಯುತ್ತದೆ. ಎಷ್ಟು ಗ್ಯಾಸ್ ಇದೆ ಅಂತ ದೂರದಿಂದಲೇ ಕಾಣುತ್ತದೆ. ಒತ್ತಡ ಮಿತಿಮೀರಿದರೆ ಡ್ರಮ್ಮಿನ ಅಂಚಿನಿಂದ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಟ್ಯಾಂಕ್ ಒಡೆಯುವ ಭಯವಿಲ್ಲ. ಎರಡೂ ಟ್ಯಾಂಕ್ ಕಪ್ಪು ಬಣ್ಣದವು. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ, ಅಲ್ಲದೆ ಕಪ್ಪು ಬಣ್ಣ ಬಿಸಿಲನ್ನೂ ಹೀರಿಕೊಳ್ಳುತ್ತದೆ.

ಕಸ ಹಾಕಲು 4 ಇಂಚಿನ ಪಿವಿಸಿ ಪೈಪ್. ಅದು ಟ್ಯಾಂಕಿನ ತಳದ ಹತ್ತಿರದವರೆಗೆ ಇಳಿಯಬೇಕು. ಇಲ್ಲದಿದ್ದರೆ ಹೊಸ ಕಸ ಮೇಲೆಯೇ ತೇಲಿ ಸೀದಾ ಹೊರದಾರಿ ಹಿಡಿಯುತ್ತದೆ. ಎದುರು ಬದಿಯಲ್ಲಿ, ಮೇಲಿನ ಅಂಚಿನಿಂದ ಸ್ವಲ್ಪ ಕೆಳಗೆ, ಹೊರಹೋಗುವ ಪೈಪ್. ತಳದಲ್ಲಿ 2 ಇಂಚಿನ ಬಾಲ್ ವಾಲ್ವ್, ಮುಂದೆ ಯಾವತ್ತಾದರೂ ಖಾಲಿ ಮಾಡಬೇಕಾದರೆ ಇರಲಿ ಅಂತ. ಟ್ಯಾಂಕಿನ ಗೋಡೆ ದುಂಡಗಿರುವುದರಿಂದ ಪೈಪ್ ಕೂರಿಸುವ ಕಡೆ ಒಳಗೂ ಹೊರಗೂ ರಬ್ಬರ್ ವಾಷರ್ ಹಾಕಿ ಬಿಗಿದೆವು. ಬರೀ ಅಂಟಿನ ಮೇಲೆ ನಂಬಿಕೆ ಇಡಬೇಡಿ. ಇಂಥ ಟ್ಯಾಂಕಿನ ಪ್ಲಾಸ್ಟಿಕ್‌ಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಗ್ಯಾಸಿನ ಒತ್ತಡ ಡ್ರಮ್ಮಿನ ತೂಕದಿಂದಲೇ ಬರುತ್ತದೆ. ನಮ್ಮ ಡ್ರಮ್ಮಿನ ವ್ಯಾಸ 95 ಸೆಂ.ಮೀ., ಅಂದರೆ ವಿಸ್ತೀರ್ಣ ಸುಮಾರು 0.7 ಚದರ ಮೀಟರ್. ಡ್ರಮ್ಮಿನ ತೂಕ 18 ಕೆಜಿ. ಅದರಿಂದ ಸಿಗುವ ಒತ್ತಡ 2.5 ಸೆಂ.ಮೀ. ಎತ್ತರದ ನೀರಿನಷ್ಟು ಮಾತ್ರ, ಒಲೆಗೆ ಸಾಲುವುದಿಲ್ಲ. ಮೇಲೆ 40 ಕೆಜಿ ಕಲ್ಲು ಹೇರಿದಾಗ 8 ಸೆಂ.ಮೀ. ಆಯಿತು. ಕಲ್ಲುಗಳನ್ನು ಸುತ್ತಲೂ ಸಮನಾಗಿ ಇಟ್ಟು ಕಟ್ಟಬೇಕು. ಒಂದು ಕಡೆ ವಾಲಿದರೆ ಡ್ರಮ್ ಟ್ಯಾಂಕಿನ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ವಾಲದಂತೆ ಮೂರು ಕಡೆ ಕಬ್ಬಿಣದ ಪೈಪ್ ನೆಟ್ಟು ದಾರಿ ಮಾಡಿಕೊಟ್ಟಿದ್ದೇವೆ.

ಪೈಪಿನ ದಾರಿಯಲ್ಲಿ ಮೂರು ಕಾವಲು

ಡ್ರಮ್ಮಿನಿಂದ ಒಲೆಗೆ ಹೋಗುವ ದಾರಿಯಲ್ಲಿ ಮೂರು ವಸ್ತುಗಳು ಇರಲೇಬೇಕು.

ಮೊದಲನೆಯದು ನೀರು ಹಿಡಿಯುವ ಕೊಳವೆ. ಗ್ಯಾಸ್ ಹಸಿಯಾಗಿ ಬರುತ್ತದೆ. ರಾತ್ರಿ ಪೈಪ್ ತಣ್ಣಗಾದಾಗ ಒಳಗೆ ನೀರು ಕಟ್ಟಿ, ತಗ್ಗಿನಲ್ಲಿ ನಿಂತು, ದಾರಿ ಮುಚ್ಚಿಬಿಡುತ್ತದೆ. ಆದ್ದರಿಂದ ಪೈಪ್ ಇಡೀ ಉದ್ದಕ್ಕೂ ಒಂದೇ ಕಡೆ ಇಳಿಜಾರು ಇರಬೇಕು. ಅತಿ ತಗ್ಗಿನ ಜಾಗದಲ್ಲಿ T ಆಕಾರದ ಪೈಪ್ ತುಂಡು ಜೋಡಿಸಿ, ಅದರ ಕಾಲನ್ನು 30 ಸೆಂ.ಮೀ. ಆಳದ ನೀರಿನಲ್ಲಿ ಮುಳುಗಿಸಿದ್ದೇವೆ. ನಮ್ಮ ಒತ್ತಡ 8 ಸೆಂ.ಮೀ. ಆದ್ದರಿಂದ ಆ ನೀರನ್ನು ತಳ್ಳಿ ಗ್ಯಾಸ್ ಹೊರಗೆ ಬರಲಾರದು, ಪೈಪಿನಲ್ಲಿ ಕಟ್ಟಿದ ನೀರು ಮಾತ್ರ ಕೆಳಗೆ ಇಳಿಯುತ್ತದೆ.

ಎರಡನೆಯದು ಗಂಧಕದ ಗ್ಯಾಸ್ ಹಿಡಿಯುವ ಕೊಳವೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಅದು ಒಲೆಯ ಲೋಹವನ್ನು ತಿನ್ನುತ್ತದೆ. ಮನುಷ್ಯರಿಗಂತೂ ವಿಷ. ಒಂದು ಅಡಿ ಉದ್ದದ ಪಾರದರ್ಶಕ ಕೊಳವೆಯಲ್ಲಿ ತುಕ್ಕು ಹಿಡಿಸಿದ ಸ್ಟೀಲ್ ನಾರನ್ನು ಸಡಿಲವಾಗಿ ತುಂಬಿದೆವು. ಹೊಸ ನಾರು ಕೆಲಸ ಮಾಡುವುದಿಲ್ಲ. ತುಕ್ಕೇ ಗಂಧಕವನ್ನು ಹಿಡಿಯುವುದು. ಕೊಳವೆಯನ್ನು ನೋಡುತ್ತಿದ್ದರೆ ಗ್ಯಾಸ್ ಬರುವ ತುದಿಯಿಂದ ಕೆಂಗಂದು ಬಣ್ಣ ನಿಧಾನಕ್ಕೆ ಕಪ್ಪಾಗುತ್ತಾ ಬರುತ್ತದೆ. ಮುಕ್ಕಾಲು ಭಾಗ ಕಪ್ಪಾದಾಗ ಬದಲಿಸುತ್ತೇವೆ. ಒಂದು ಎಚ್ಚರಿಕೆ: ಕಪ್ಪಾದ ನಾರನ್ನು ಹೊರಗೆ ತೆಗೆದರೆ ಗಾಳಿ ತಾಗಿ ಬಿಸಿಯಾಗುತ್ತದೆ, ಒಮ್ಮೊಮ್ಮೆ ಹೊತ್ತಿಕೊಳ್ಳಲೂಬಹುದು. ತೆಗೆದ ಕೂಡಲೇ ನೀರಿನಲ್ಲಿ ಅದ್ದಿ, ಬಯಲಿನಲ್ಲಿ, ಸುಡದ ನೆಲದ ಮೇಲೆ ಹರಡಿ. ಕಸದ ಬುಟ್ಟಿಗೆ ಎಸೆಯಬೇಡಿ.

ಮೂರನೆಯದು ಬೆಂಕಿ ತಡೆ. ಒಲೆಯ ಹತ್ತಿರ ಪೈಪಿನೊಳಗೆ ಸಣ್ಣ ಕಣ್ಣಿನ ಹಿತ್ತಾಳೆ ಜಾಲರಿಯ ಸುರುಳಿ. ಜ್ವಾಲೆ ಹಿಂದಕ್ಕೆ ಬಂದರೆ ಜಾಲರಿ ಅದರ ಶಾಖ ಹೀರಿ ಆರಿಸುತ್ತದೆ.

ಎಲ್ಲ ಜೋಡಿಸಿದ ಮೇಲೆ ಡ್ರಮ್ಮಿಗೆ ಗಾಳಿ ತುಂಬಿ, ಪ್ರತಿ ಸಂದಿಗೂ ಸೋಪಿನ ನೊರೆ ಹಚ್ಚಿ ನೋಡಿದೆವು. ಡ್ರಮ್ಮಿನ ತಲೆಯ ಮೇಲಿನ ಫಿಟ್ಟಿಂಗ್ ಹತ್ತಿರ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಬಿಚ್ಚಿ ನೋಡಿದಾಗ ಅಚ್ಚಿನಲ್ಲಿ ಉಳಿದ ಪ್ಲಾಸ್ಟಿಕ್ ಗೆರೆಯೊಂದು ವಾಷರ್ ಕೆಳಗೆ ಸಿಕ್ಕಿತ್ತು. ಅರದಿಂದ ಉಜ್ಜಿ ಸಮ ಮಾಡಿದ ಮೇಲೆ ನಿಂತಿತು. ಒಂದು ರಾತ್ರಿ ಹಾಗೇ ಬಿಟ್ಟು, ಡ್ರಮ್ಮಿನ ಎತ್ತರಕ್ಕೆ ಗುರುತು ಹಾಕಿ, ಬೆಳಗ್ಗೆ ಇಳಿದಿಲ್ಲ ಅಂತ ನೋಡಿಕೊಂಡ ನಂತರವೇ ಮುಂದಿನ ಕೆಲಸ.

ಜೀವ ತುಂಬುವುದು

ಸಗಣಿಯನ್ನು ಸಮಪ್ರಮಾಣದ ನೀರಿನಲ್ಲಿ ಕಲಸಿ, ಹುಲ್ಲು ಕಲ್ಲು ಸೋಸಿ ತುಂಬಿದೆವು. ಮೀಥೇನ್, ಅಂದರೆ ನಮ್ಮ ಗ್ಯಾಸಿನಲ್ಲಿ ಉರಿಯುವ ಭಾಗ, ಅದನ್ನು ಮಾಡುವ ಜೀವಾಣುಗಳು ಬರುವುದು ಸಗಣಿಯಿಂದಲೇ. ಆಮೇಲೆ ಕಾಯಬೇಕು. ಬೆಚ್ಚಗಿನ ವಾತಾವರಣದಲ್ಲಿ ಎರಡು ಮೂರು ವಾರ ಹಿಡಿಯುತ್ತದೆ. 35 ಡಿಗ್ರಿ ಸೆಲ್ಸಿಯಸ್ ಹತ್ತಿರ ಅವು ಚುರುಕು, 15ಕ್ಕಿಂತ ಕೆಳಗೆ ಹೆಚ್ಚುಕಡಿಮೆ ನಿದ್ದೆ.

ಮೊದಲ ಸಲ ತುಂಬಿದ ಡ್ರಮ್ ಗ್ಯಾಸನ್ನು ಬಯಲಿಗೆ ಬಿಟ್ಟುಬಿಡಿ. ಅದರಲ್ಲಿ ಗಾಳಿ ಬೆರೆತಿರುತ್ತದೆ. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರ ನಡುವೆ ಇದ್ದರೆ ಸ್ಫೋಟವಾಗುತ್ತದೆ. ಆ ಹೊತ್ತಿನಲ್ಲಿ ಹತ್ತಿರ ಯಾರೂ ಬೆಂಕಿ ಹಚ್ಚಬಾರದು. ಡ್ರಮ್ಮಿನ ಬಾಯಿಗೆ ನೇರವಾಗಿ ಕಡ್ಡಿ ಗೀರಿ ನೋಡುವುದಂತೂ ಯಾವ ಕಾಲಕ್ಕೂ ಬೇಡ. ಹಚ್ಚುವುದೇನಿದ್ದರೂ ಬೆಂಕಿ ತಡೆಯ ಆಚೆ, ಬರ್ನರಿನಲ್ಲಿ.

ಗ್ಯಾಸಿನಲ್ಲಿ ಮೀಥೇನ್ ಎಷ್ಟಿದೆ ಅಂತ ತಿಳಿಯಲು ದುಬಾರಿ ಮೀಟರ್ ಬೇಕಿಲ್ಲ. ದೊಡ್ಡ ಸಿರಿಂಜಿನಲ್ಲಿ 50 ಮಿ.ಲೀ. ಗ್ಯಾಸ್ ಎಳೆದುಕೊಂಡು, ಅದಕ್ಕೆ ಸ್ವಲ್ಪ ಕಾಸ್ಟಿಕ್ ಸೋಡಾ ನೀರು ಎಳೆದು, ಬಾಯಿ ಮುಚ್ಚಿ ಅಲ್ಲಾಡಿಸಬೇಕು. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗುತ್ತದೆ, ಸಿರಿಂಜಿನ ದಂಡ ತಾನಾಗಿಯೇ ಒಳಗೆ ಸರಿಯುತ್ತದೆ. ಉಳಿದ ಗ್ಯಾಸ್ ಹೆಚ್ಚುಕಡಿಮೆ ಎಲ್ಲ ಮೀಥೇನ್. ಶುರುವಿನಲ್ಲಿ ಉಳಿಯುತ್ತಿದ್ದದ್ದು ತೀರಾ ಕಡಿಮೆ, ಕಡ್ಡಿ ಹಿಡಿದರೆ ಕಡ್ಡಿಯೇ ಆರುತ್ತಿತ್ತು. ಹದಕ್ಕೆ ಬಂದ ಮೇಲೆ 29 ಮಿ.ಲೀ. ಉಳಿಯಿತು, ಅಂದರೆ ಶೇ 58. ಅವತ್ತು ಬರ್ನರಿನಲ್ಲಿ ನೀಲಿ ಜ್ವಾಲೆ ನಿಂತಿತು. ಆ ಸಂತೋಷ ಹೇಳಿ ಮುಗಿಯುವುದಿಲ್ಲ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

ಒಲೆ

ಸಿಲಿಂಡರ್ ಗ್ಯಾಸಿನ ಒಲೆ ಇದಕ್ಕೆ ಹಾಗೆಯೇ ಆಗುವುದಿಲ್ಲ. ಅಲ್ಲಿ ಒತ್ತಡ 30 ಸೆಂ.ಮೀ. ನೀರಿನಷ್ಟು, ಇಲ್ಲಿ 8. ನಮ್ಮ ಗ್ಯಾಸಿನ ಕಸುವೂ ಕಡಿಮೆ. ಅಷ್ಟೇ ಶಾಖ ಬೇಕಾದರೆ ಗ್ಯಾಸ್ ಚಿಮ್ಮುವ ಜೆಟ್ಟಿನ ತೂತಿನ ವ್ಯಾಸ ಸುಮಾರು ಎರಡೂವರೆ ಪಟ್ಟು ಆಗಬೇಕು ಅಂತ ಲೆಕ್ಕ ಬಂತು. ಒಂದೇ ಸಲ ಕೊರೆಯದೆ, ಸಣ್ಣ ಬಿಟ್‌ನಿಂದ ಶುರು ಮಾಡಿ, ಪ್ರತಿ ಸಲ ಹಚ್ಚಿ ನೋಡುತ್ತಾ 2 ಮಿ.ಮೀ.ಗೆ ನಿಲ್ಲಿಸಿದೆವು. ಗಾಳಿಯನ್ನೂ ಕಡಿಮೆ ಮಾಡಬೇಕು. ಸಿಲಿಂಡರ್ ಗ್ಯಾಸ್ ಪೂರ್ತಿ ಉರಿಯಲು ತನ್ನ ಗಾತ್ರದ 25 ಪಟ್ಟಿಗೂ ಹೆಚ್ಚು ಗಾಳಿ ಬೇಡುತ್ತದೆ, ನಮ್ಮದಕ್ಕೆ ಆರು ಪಟ್ಟು ಸಾಕು. ಗಾಳಿ ಕಿಂಡಿಗೆ ತಗಡಿನ ಪಟ್ಟಿ ಸುತ್ತಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿದ ಮೇಲೆ, ಬರ್ನರಿನಿಂದ ಎದ್ದು ಎದ್ದು ಹಾರಿಹೋಗುತ್ತಿದ್ದ ಜ್ವಾಲೆ ಕೂತಿತು.

ಹೀಗೆ ಕೊರೆದ ಒಲೆಯನ್ನು ಮತ್ತೆ ಯಾವತ್ತೂ ಸಿಲಿಂಡರಿಗೆ ಜೋಡಿಸಬಾರದು. ಮನೆಯೇ ಸುಟ್ಟೀತು. ನಾವು ಒಲೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದು, ಹಳೆಯ ರಬ್ಬರ್ ಟ್ಯೂಬ್ ಹತ್ತದಂತೆ ಪೈಪಿನ ಅಳತೆಯನ್ನೇ ಬದಲಿಸಿದ್ದೇವೆ.

ದಿನಕ್ಕೆ 5 ಕೆಜಿ ಕಸ, 5 ಲೀಟರ್ ನೀರು ಹಾಕುತ್ತೇವೆ. ಸುಮಾರು 500 ಲೀಟರ್ ಗ್ಯಾಸ್ ಬರುತ್ತದೆ. ಒಂದು ಬರ್ನರ್ ಒಂದು ಗಂಟೆಗೆ ಸ್ವಲ್ಪ ಹೆಚ್ಚು ಉರಿಯಲು ಅಷ್ಟು ಸಾಕು. ಸಿಲಿಂಡರ್ ಗ್ಯಾಸಿನ ಲೆಕ್ಕದಲ್ಲಿ ಕಾಲು ಕೆಜಿಗೆ ಸ್ವಲ್ಪ ಕಮ್ಮಿ. ಇದರಲ್ಲಿ ಜನರೇಟರ್ ಓಡಿಸೋಣ ಅಂತಲೂ ಕೆಲವರು ಕೇಳಿದರು. ಇಷ್ಟು ಸಣ್ಣ ಪ್ರಮಾಣದಲ್ಲಿ ಅದು ಬೇಡ. ಸಣ್ಣ ಎಂಜಿನ್ ಶಾಖದ ಕಾಲು ಭಾಗವನ್ನಷ್ಟೇ ವಿದ್ಯುತ್ ಮಾಡೀತು, ಮಿಕ್ಕಿದ್ದು ಹೊಗೆಕೊಳವೆಯಲ್ಲಿ ಹೋಗುತ್ತದೆ. ನೇರ ಒಲೆಗೆ ಕೊಟ್ಟರೆ ಹೆಚ್ಚು ಪಾಲು ಕೆಲಸಕ್ಕೆ ಬರುತ್ತದೆ.

ಡ್ರಮ್ ತುಂಬಿದೆ, ಒಲೆ ಹತ್ತುತ್ತಿಲ್ಲ

ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ಒಂದು ವಾರ ವಿಚಿತ್ರ ಕಂಡಿತು. ಡ್ರಮ್ ಎಂದಿಗಿಂತ ಬೇಗ ಏರುತ್ತಿದೆ, ಆದರೆ ಒಲೆ ಮಂಕಾಗುತ್ತಾ ಬಂದು ಕೊನೆಗೆ ಹತ್ತಲೇ ಇಲ್ಲ. ಸಿರಿಂಜ್ ಪರೀಕ್ಷೆಯಲ್ಲಿ ಮೀಥೇನ್ ಶೇ 35ಕ್ಕೆ ಇಳಿದಿತ್ತು. ಹೊರಬರುವ ರಾಡಿಗೆ ಹುಳಿ ಅಳೆಯುವ ಪಿಎಚ್ ಪಟ್ಟಿ ಅದ್ದಿದರೆ 6.3 (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ). ಇರಬೇಕಾದದ್ದು 6.8ರಿಂದ 7.4ರ ನಡುವೆ. ಹುಳಿ ವಾಸನೆ ಬೇರೆ.

ಆ ವಾರ ಪಕ್ಕದ ಕಟ್ಟಡದವರ ಬಕೆಟ್ಟುಗಳೂ ಸೇರಿದ್ದವು, ಅದರಲ್ಲಿ ಕೊಳೆತ ಹಣ್ಣು ತುಂಬಾ ಇತ್ತು. ಟ್ಯಾಂಕಿನೊಳಗೆ ಎರಡು ಗುಂಪಿನ ಜೀವಾಣುಗಳಿವೆ. ಮೊದಲ ಗುಂಪು ಕಸವನ್ನು ಒಡೆದು ಆಮ್ಲ ಮಾಡುತ್ತದೆ, ಅವು ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ. ಎರಡನೆಯ ಗುಂಪು ಆ ಆಮ್ಲವನ್ನು ಮೀಥೇನ್ ಮಾಡುತ್ತದೆ, ಅವಕ್ಕೆ ಇಮ್ಮಡಿಯಾಗಲು ದಿನಗಳೇ ಬೇಕು. ಸಿಹಿ ಜಾಸ್ತಿ ಬಂದಾಗ ಮೊದಲ ಗುಂಪು ಓಡುತ್ತದೆ, ಎರಡನೆಯದು ಹಿಂದೆ ಬೀಳುತ್ತದೆ. ಆಮ್ಲ ಉಳಿದು ಹುಳಿಯಾಗುತ್ತದೆ, ಹುಳಿಯಾದಷ್ಟೂ ಎರಡನೆಯ ಗುಂಪು ಇನ್ನಷ್ಟು ಸೊರಗುತ್ತದೆ. ಡ್ರಮ್ ತುಂಬಿದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್‌ನಿಂದ.

ಮಾಡಿದ್ದು ಇಷ್ಟು. ಕಸ ಹಾಕುವುದನ್ನು ಪೂರ್ತಿ ನಿಲ್ಲಿಸಿದೆವು. ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ದಿನಾ ಸ್ವಲ್ಪ ಸ್ವಲ್ಪ ಸುರಿದೆವು. ಸುಣ್ಣ ಬೇಡ ಅಂತ ನಿರ್ಧರಿಸಿದ್ದೆವು. ಅದು ಪಿಎಚ್ಚನ್ನು ಒಮ್ಮೆಲೇ ಏರಿಸುತ್ತದೆ, ಗ್ಯಾಸಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನೂ ಹೀರಿ ತಳದಲ್ಲಿ ಗಷ್ಟಾಗಿ ಕೂರುತ್ತದೆ. ಜೊತೆಗೆ ಒಂದಷ್ಟು ಹೊಸ ಸಗಣಿ ನೀರು ಸೇರಿಸಿದೆವು. ಎರಡು ವಾರದ ಹತ್ತಿರ ಹಿಡಿಯಿತು. ಪಿಎಚ್ 7 ದಾಟಿದ ಮೇಲೆ 1 ಕೆಜಿಯಿಂದ ಮತ್ತೆ ಶುರು. ಈಗ ಬಕೆಟ್ ಬಂದ ಕೂಡಲೇ ಸುರಿಯುವುದಿಲ್ಲ. ಹಣ್ಣು ಜಾಸ್ತಿ ಇದ್ದ ದಿನ ಅದನ್ನು ಮೂರ್ನಾಲ್ಕು ದಿನಕ್ಕೆ ಹಂಚಿ ಹಾಕುತ್ತೇವೆ. ಒಲೆಯ ಬಣ್ಣ ಮೊದಲು ಹೇಳುತ್ತದೆ, ಪಿಎಚ್ ಪಟ್ಟಿ ಆಮೇಲೆ. ಡ್ರಮ್ಮಿನ ಎತ್ತರವನ್ನು ಮಾತ್ರ ನಂಬಬಾರದು.

ಬಕೆಟ್ಟಿನೊಳಗೆ ಏನಿದೆ

ಟ್ಯಾಂಕ್ ಕಟ್ಟುವುದಕ್ಕಿಂತ ಹೆಚ್ಚು ಹೊತ್ತು ಹೋದದ್ದು ಇದಕ್ಕೆ. ಕಸ ಹಾಕುವ ಮೊದಲು ಅರ್ಧ ಇಂಚಿನ ಕಣ್ಣಿನ ಜಾಲರಿಯ ಮೇಲೆ ಸುರಿದು ನೋಡುತ್ತೇವೆ. ಶುರುವಿನ ದಿನಗಳಲ್ಲಿ ಸಿಕ್ಕಿದ್ದು: ರಬ್ಬರ್ ಬ್ಯಾಂಡ್, ಚಮಚ, ಬಾಟಲ್ ಮುಚ್ಚಳ, ಗಾಯಕ್ಕೆ ಕಟ್ಟಿದ ಪಟ್ಟಿ, ಗಡಿಯಾರದ ಬ್ಯಾಟರಿ, ಒಡೆದ ಗಾಜು. ಎಲ್ಲಕ್ಕಿಂತ ಹೆಚ್ಚು ತೆಳು ಪ್ಲಾಸ್ಟಿಕ್ ಕವರ್. ಅದು ನೀರಿನಲ್ಲಿ ನೆನೆದು ಸೊಪ್ಪಿನ ಹಾಗೆಯೇ ಕಾಣುತ್ತದೆ. ಒಳಗೆ ಹೋದರೆ ಮೇಲೆ ತೇಲಿ, ಎಣ್ಣೆ ಜಿಡ್ಡಿನ ಜೊತೆ ಸೇರಿ, ದಪ್ಪ ಕೆನೆ ಕಟ್ಟಿ ಗ್ಯಾಸ್ ಏಳದಂತೆ ತಡೆಯುತ್ತದೆ.

ನಾವು ಚೀಟಿ ಅಂಟಿಸಿದೆವು, ಸಭೆ ಮಾಡಿದೆವು, ಬಣ್ಣದ ಬಕೆಟ್ ಕೊಟ್ಟೆವು. ಸ್ವಲ್ಪ ಮಾತ್ರ ಬದಲಾಯಿತು. ದಿನಾ ಬೆಳಗ್ಗೆ ಕಸ ತೆಗೆದುಕೊಂಡು ಹೋಗುವ ಅಕ್ಕ ಒಂದು ದಿನ ಜಾಲರಿ ಹತ್ತಿರ ನಿಂತು ನೋಡಿ ಹೇಳಿದರು: "ಬಕೆಟ್ ಒಳಗೆ ಕವರ್ ಹಾಕೋದು ಬಿಡಿಸಿ ಅಣ್ಣ. ಗಂಟು ಕಟ್ಟಿ ಕೊಟ್ಟರೆ ಒಳಗೇನಿದೆ ಅಂತ ಅವರೂ ನೋಡಲ್ಲ, ನಾನೂ ನೋಡಕ್ಕಾಗಲ್ಲ."

ಅದನ್ನೇ ನಿಯಮ ಮಾಡಿದೆವು. ಹಸಿ ಕಸದ ಬಕೆಟ್ಟಿಗೆ ಕವರ್ ಇಲ್ಲ. ಬೇಕಾದರೆ ತಳಕ್ಕೆ ಒಂದು ಹಾಳೆ ಕಾಗದ. ಬಕೆಟ್ ಬಾಗಿಲಲ್ಲೇ ತೆರೆದು ಸುರಿಯುತ್ತಾರೆ, ಮನೆಯವರೂ ನೋಡುತ್ತಾರೆ, ಅಕ್ಕನೂ ನೋಡುತ್ತಾರೆ. ಅದಾದ ಮೇಲೆ ಜಾಲರಿಯ ಮೇಲೆ ಉಳಿಯುವುದು ದಿನಕ್ಕೆ ಒಂದು ಹಿಡಿಯೂ ಆಗುವುದಿಲ್ಲ. ನಾವು ಬೇರೆ ಏನೇನು ಮಾಡಿದ್ದರೂ ಇಷ್ಟು ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ. ಒಣ ಕಸವೂ ಇದರಿಂದ ಸ್ವಚ್ಛವಾಯಿತು. ರಾಡಿ ಮೆತ್ತದ ಕಾಗದ, ಪ್ಲಾಸ್ಟಿಕ್‌ಗೆ ಮರುಬಳಕೆಯವರು ತಕರಾರು ಮಾಡುವುದಿಲ್ಲ.

ಈ ಅಕ್ಕನಂಥವರು ಬೆರೆತ ಕಸಕ್ಕೆ ಕೈ ಹಾಕಿ ಗಾಜು ಚುಚ್ಚಿಸಿಕೊಳ್ಳುವುದು, ಗುಡ್ಡೆ ಹಾಕಿದ ಕಸದೊಳಗೆ ಇದೇ ಮೀಥೇನ್ ಹುಟ್ಟಿ ತಿಂಗಳುಗಟ್ಟಲೆ ಹೊಗೆಯಾಡುವುದು, ಇವೆಲ್ಲ ಬಕೆಟ್ ಹಂತದಲ್ಲೇ ತಪ್ಪಿಸಬಹುದಾದ ಕಷ್ಟಗಳು. ಇಥಿಯೋಪಿಯಾದ ಅಡಿಸ್ ಅಬಾಬದ ಕೋಶೆ ಕಸದ ಗುಡ್ಡ 2017ರ ಮಾರ್ಚ್‌ನಲ್ಲಿ ಕುಸಿದಾಗ ನೂರಕ್ಕೂ ಹೆಚ್ಚು ಜನ ಸತ್ತರು. ಗುಡ್ಡದ ಪಕ್ಕದಲ್ಲೇ ಕಸ ಸುಟ್ಟು ವಿದ್ಯುತ್ ಮಾಡುವ ಸ್ಥಾವರ ಆಗ ಕಟ್ಟುತ್ತಿದ್ದರು. ಮರುವರ್ಷ ಅದು ಶುರುವಾಯಿತು. ಸ್ಥಾವರ ಬರುವವರೆಗೆ ಕಸ ಕಾಯುವುದಿಲ್ಲ, ದಿನಾ ಬೀಳುತ್ತಲೇ ಇರುತ್ತದೆ.

ಈಗ ನಡೆಯುತ್ತಿರುವುದು, ಮುಂದಿನದು

ಹೊರಬರುವ ರಾಡಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷಿಯಂ ಉಳಿದೇ ಇರುತ್ತವೆ. ಗ್ಯಾಸ್ ಆಗಿ ಹೋಗುವುದು ಬಹುಪಾಲು ಇಂಗಾಲ ಮತ್ತು ಜಲಜನಕ. ಅದಕ್ಕೆ ನೀರು ಬೆರೆಸಿ ಗಿಡಗಳಿಗೆ ಹಾಕುತ್ತೇವೆ. ಗಿಡಗಳಿಗೆ ಬೇಕಾದದ್ದಕ್ಕಿಂತ ಹೆಚ್ಚಾದಾಗ ಕಸ ಕಲಸಲು ಹೊಸ ನೀರಿನ ಬದಲು ಇದನ್ನೇ ಬಳಸುತ್ತೇವೆ. ಹೀಗೆ ಮಾಡಿದರೆ ಜೀವಾಣುಗಳೂ ಟ್ಯಾಂಕಿಗೆ ಮರಳುತ್ತವೆ. ಆದರೆ ಪೂರ್ತಿ ಇದನ್ನೇ ತಿರುಗಿಸುತ್ತಾ ಹೋದರೆ ಅಮೋನಿಯಾ ಏರುತ್ತದೆ, ಆದ್ದರಿಂದ ಅರ್ಧ ಹೊಸ ನೀರು ಇರಲೇಬೇಕು.

ಕಟ್ಟಡದ ಪೂರ್ತಿ ಹಸಿ ಕಸ ದಿನಕ್ಕೆ 20 ಕೆಜಿ ಹತ್ತಿರ ಇದೆ. ಅದರಲ್ಲಿ ಕಾಲು ಭಾಗ ಮಾತ್ರ ಈ ಟ್ಯಾಂಕಿಗೆ ಹೋಗುತ್ತಿದೆ, ಉಳಿದದ್ದು ಗೊಬ್ಬರದ ಗುಂಡಿಗೆ. ಇದೇ ಹದದಲ್ಲಿ ಎಲ್ಲವನ್ನೂ ತೆಗೆದುಕೊಳ್ಳಬೇಕಾದರೆ 4,000 ಲೀಟರ್ ಬೇಕು. ಒಂದೇ ದೊಡ್ಡ ಟ್ಯಾಂಕ್ ಬೇಡ, ಇಂಥದ್ದೇ ಇನ್ನೂ ಮೂರು ಇಡೋಣ ಅಂತ ತೀರ್ಮಾನಿಸಿದ್ದೇವೆ. ಒಂದು ಹುಳಿಯಾದರೆ ಪಕ್ಕದ್ದರಿಂದ ಆರೋಗ್ಯವಾದ ರಾಡಿ ತಂದು ಸುರಿಯಬಹುದು, ಉಳಿದವು ಉರಿಯುತ್ತಲೇ ಇರುತ್ತವೆ. ಎರಡನೆಯ ಟ್ಯಾಂಕಿಗೆ ಕೆನೆ ಒಡೆಯಲು ಕೈಯಿಂದ ತಿರುಗಿಸುವ ಹಿಡಿಕೆಯನ್ನೂ ಸೇರಿಸುತ್ತಿದ್ದೇವೆ. ಹಿಡಿಕೆಯ ದಂಡ ಗೋಡೆ ದಾಟುವ ಕಡೆ ಗ್ಯಾಸ್ ಸೋರಬಾರದಲ್ಲ, ಅದಕ್ಕೆ ದಂಡವನ್ನು ರಾಡಿಯ ಮಟ್ಟದ ಕೆಳಗೆ ಇಳಿಯುವ ಪೈಪಿನೊಳಗಿಂದ ಹಾಯಿಸುತ್ತಿದ್ದೇವೆ. ರಾಡಿಯೇ ಅಲ್ಲಿ ಮುಚ್ಚಳ. ತಳದ ಕಾಂಕ್ರೀಟ್ ಹಾಕಿ ಆಗಿದೆ, ಟ್ಯಾಂಕ್ ಕತ್ತರಿಸುವುದು ಬಾಕಿ.